ವಿಬಿ ಪ್ರೋಗ್ರಾಮಿನಿಂದ ವರ್ಡ್ ಮೇಲ್ ಮರ್ಜ್: ಮಹಾಸಭೆ ನೋಟಿಸು ಅರ್ಧದಲ್ಲೇ ನಿಲ್ಲುತ್ತಿದೆ

ಲೆಕ್ಕದಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆ ಒಂದು ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಂಪ್ಯೂಟರ್ ಕೆಲಸವೂ ನನ್ನ ತಲೆಗೇ ಬಂದಿದೆ. ಸದಸ್ಯರು ಸುಮಾರು 1,800. ಮಹಾಸಭೆ ನೋಟಿಸು ಎಲ್ಲರಿಗೂ ಅಂಚೆಯಲ್ಲಿ ಹೋಗಬೇಕು. ಅದರಲ್ಲಿ ಹೆಸರು, ವಿಳಾಸ, ಸದಸ್ಯತ್ವದ ನಂಬರ್, ಷೇರು ಮೊತ್ತ, ಬೆಳೆಸಾಲದ ಬಾಕಿ, ಕಟ್ಟಬೇಕಾದ ಕೊನೆಯ ದಿನಾಂಕ ಎಲ್ಲ ಇರಬೇಕು.

ನಮ್ಮ ಪ್ರೋಗ್ರಾಮ್ ವಿಬಿ 6ರಲ್ಲಿದೆ (ವಿಷುಯಲ್ ಬೇಸಿಕ್). ಡೇಟಾ ಆಕ್ಸೆಸ್‌ನ ಎಂಡಿಬಿ ಎಂಬ ಡೇಟಾಬೇಸ್ ಫೈಲಿನಲ್ಲಿದೆ. ಬರೆದುಕೊಟ್ಟವರು ಈಗ ಬೇರೆ ಊರಲ್ಲಿದ್ದಾರೆ, ಫೋನ್ ಮಾಡಿದರೆ ‘ನೋಡೋಣ’ ಅನ್ನುತ್ತಾರೆ. ಪುಣ್ಯಕ್ಕೆ ಸೋರ್ಸ್ ಕೋಡ್ ನನ್ನ ಹತ್ತಿರ ಇದೆ, ಅಷ್ಟಿಷ್ಟು ಅರ್ಥವೂ ಆಗುತ್ತದೆ. ‘ನೋಟಿಸು’ ಬಟನ್ ಒತ್ತಿದರೆ ಪ್ರೋಗ್ರಾಮೇ ವರ್ಡ್ ತೆರೆದು, ನಮ್ಮ ಸೆಕ್ರೆಟರಿಯವರು ಬರೆದಿಟ್ಟ ಪತ್ರ ತೆಗೆದು, ಮೇಲ್ ಮರ್ಜ್ ಮಾಡಿ (ಒಂದೇ ಪತ್ರಕ್ಕೆ ಒಬ್ಬೊಬ್ಬರ ಹೆಸರು, ಮೊತ್ತ ತುಂಬಿ) ಕೊಡುತ್ತದೆ. ಕೊಡುತ್ತಿತ್ತು ಅನ್ನಬೇಕು. ಹಳೇ ಕಂಪ್ಯೂಟರಿನಲ್ಲಿ ಆಫೀಸ್ 2000 ಇತ್ತು. ಈಗ ಹೊಸ ಕಂಪ್ಯೂಟರ್ ಬಂದಿದೆ, ಅದರಲ್ಲಿ ವರ್ಡ್ 2016.

ಆಗುತ್ತಿರುವುದು ಇಷ್ಟು. ಬಟನ್ ಒತ್ತಿದ ಮೇಲೆ ಮರಳು ಗಡಿಯಾರ ತಿರುಗುತ್ತಲೇ ಇರುತ್ತದೆ, ಏನೂ ಬರುವುದಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ವರ್ಡ್ ಇದೆ, ಆದರೆ ಸ್ಕ್ರೀನಿನಲ್ಲಿ ಕಾಣುವುದಿಲ್ಲ. ಅದನ್ನು ಅಲ್ಲೇ ಮುಗಿಸಿ ಮತ್ತೆ ಒತ್ತಿದರೆ ‘ಫೈಲನ್ನು ಬೇರೆಯವರು ತಿದ್ದುತ್ತಿದ್ದಾರೆ’ ಎನ್ನುತ್ತದೆ. ಬೇರೆಯವರು ಯಾರೂ ಇಲ್ಲ, ಆಫೀಸಿನಲ್ಲಿ ನಾನೊಬ್ಬಳೇ.

ಬೇಸರವಾಗಿ ಪ್ರೋಗ್ರಾಮ್ ಬಿಟ್ಟು ಕೈಯಿಂದಲೇ ವರ್ಡಿನಲ್ಲಿ ಮರ್ಜ್ ಮಾಡಿ ನೋಡಿದೆ. ಪತ್ರಗಳು ಬಂದವು. ಆದರೆ ಆಗಸ್ಟ್ 5 ಅನ್ನುವುದು 8/5 ಎಂದು ಬಂದಿದೆ. ಒಬ್ಬರ ಬಾಕಿ 12,450.30 ಇರಬೇಕಾದಲ್ಲಿ 12450.299999999999 ಎಂದಿದೆ. ಸೆಕ್ರೆಟರಿಯವರು ‘ಇದೇನು ಪೈಸೆಗೆ ಬಾಲ ಬಂದಿದೆ’ ಅಂತ ನಕ್ಕರು. ಇನ್ನು ಹೆಸರುಗಳಂತೂ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಮೇಲೆ ಕೆಳಗೆ ಚುಕ್ಕೆ ಗೆರೆ ಇರುವ ಏನೋ ಒಂದು. ಡೇಟಾ ಎಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಪತ್ರವನ್ನು ಸೆಕ್ರೆಟರಿಯವರು ಈ ಸಲ ಯೂನಿಕೋಡಿನಲ್ಲಿ (ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ) ಹೊಸದಾಗಿ ಟೈಪ್ ಮಾಡಿದ್ದಾರೆ.

ಯಾವುದನ್ನು ಮೊದಲು ಸರಿ ಮಾಡಲಿ? ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ ಫಾಕ್ಸ್‌ಪ್ರೊ ಉತ್ತರ:

ಮೇಡಂ, ನಿಮ್ಮ ಕೋಡು ಕೆಟ್ಟಿಲ್ಲ. ಹೆಸರಿನ ತೊಂದರೆ ಒಂದನ್ನು ಬಿಟ್ಟರೆ ಉಳಿದ ಎಲ್ಲದರ ಬೇರು ಒಂದೇ ಕಡೆ ಇದೆ. ಆಫೀಸ್ 2000 ಹೋಗಿ 2016 ಬಂತಲ್ಲ, ಅಲ್ಲಿ.

ಒಂದು ನೆನಪು ಮಾಡಿಕೊಳ್ಳಿ. ಹಳೇ ಕಂಪ್ಯೂಟರಿನಲ್ಲಿ ನೋಟಿಸು ಬಟನ್ ಒತ್ತಿದಾಗ ವರ್ಡ್ ಜೊತೆಗೆ ಆಕ್ಸೆಸ್ ಕೂಡ ತಾನೇ ತೆರೆದುಕೊಳ್ಳುತ್ತಿತ್ತು, ಅಲ್ವಾ? ವರ್ಡ್ 2000ರವರೆಗೆ ಡೇಟಾ ತರುವ ಮಾಮೂಲು ದಾರಿ ಡಿಡಿಇ. ವರ್ಡ್ ಆಕ್ಸೆಸನ್ನು ಎಬ್ಬಿಸಿ ಅದರ ಬಾಯಿಂದಲೇ ಡೇಟಾ ಹೇಳಿಸಿಕೊಳ್ಳುತ್ತಿತ್ತು. ಹಾಗಾಗಿ ಆಕ್ಸೆಸಿನಲ್ಲಿ ದಿನಾಂಕ, ಮೊತ್ತ ಹೇಗೆ ಕಾಣುತ್ತಿತ್ತೋ ಪತ್ರದಲ್ಲೂ ಹಾಗೇ ಬರುತ್ತಿತ್ತು. ವರ್ಡ್ 2002ರಿಂದ ಮಾಮೂಲು ದಾರಿ ಓಎಲ್‌ಇ ಡಿಬಿ ಆಯಿತು. ಇದು ಆಕ್ಸೆಸನ್ನು ಎಬ್ಬಿಸುವುದಿಲ್ಲ, ನೇರವಾಗಿ ಫೈಲಿಗೇ ಕೈ ಹಾಕುತ್ತದೆ. ವೇಗ ಜಾಸ್ತಿ. ಆದರೆ ಸಿಗುವುದು ಕಚ್ಚಾ ಮಾಲು. ದಿನಾಂಕ ಅಮೆರಿಕದ ಕ್ರಮದಲ್ಲಿ ಬರುತ್ತದೆ, ತಿಂಗಳು ಮೊದಲು. ಮೊತ್ತದ ಕಾಲಂ ‘ಡಬಲ್’ ಎಂಬ ದಶಮಾಂಶ ಬಗೆಯದ್ದಾಗಿದ್ದರೆ 12450.30 ಎಂಬುದನ್ನು ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಸರಿಯಾಗಿ ಹಿಡಿದಿಡಲಾರದು. ಆ ಸೂಕ್ಷ್ಮ ವ್ಯತ್ಯಾಸವೇ ನಿಮ್ಮ ಸೆಕ್ರೆಟರಿ ನೋಡಿದ ಬಾಲ. ಅಂದ ಹಾಗೆ ದುಡ್ಡಿನ ಕಾಲಂ ಕರೆನ್ಸಿ ಬಗೆಯಲ್ಲಿ ಇರಬೇಕಿತ್ತು. ಅದು ಬೇರೆ ಜಗಳ, ಈಗ ಬೇಡ.

ಪ್ರೋಗ್ರಾಮ್ ನೇತಾಡುವುದಕ್ಕೂ ಕಾರಣ ಇಲ್ಲೇ ಇದೆ. ಡೇಟಾಕ್ಕೆ ಕಟ್ಟಿಹಾಕಿ ಸೇವ್ ಮಾಡಿದ ಪತ್ರವನ್ನು ತೆರೆದರೆ ಹೊಸ ವರ್ಡ್ ಒಂದು ಪ್ರಶ್ನೆ ಕೇಳುತ್ತದೆ: ‘ಈ ಡಾಕ್ಯುಮೆಂಟ್ ತೆರೆದರೆ ಇಂಥ ಎಸ್‌ಕ್ಯೂಎಲ್ ಆದೇಶ ನಡೆಯುತ್ತದೆ, ಮುಂದುವರಿಸಲೇ?’ ಎಸ್‌ಕ್ಯೂಎಲ್ ಅಂದರೆ ಡೇಟಾಬೇಸಿನಿಂದ ಡೇಟಾ ಕೇಳುವ ಭಾಷೆ. ಈ ಪ್ರಶ್ನೆ ಸುರಕ್ಷತೆಗಾಗಿ ಸೇರಿಸಿದ್ದು. ವರ್ಡ್ 2000ರಲ್ಲಿ ಇದು ಇರಲಿಲ್ಲ. ನಿಮ್ಮ ಪ್ರೋಗ್ರಾಮ್ ವರ್ಡನ್ನು ಮರೆಯಲ್ಲಿ ಇಟ್ಟು ಓಡಿಸುತ್ತಿದೆ. ಕಾಣದ ವರ್ಡ್ ಕಾಣದ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದೆ, ನಿಮ್ಮ ಪ್ರೋಗ್ರಾಮ್ ವರ್ಡಿಗೆ ಕಾಯುತ್ತಿದೆ. ಮೊದಲ ಕೆಲಸ, ವರ್ಡಿನ ‘ವಿಸಿಬಲ್’ ಗುಣವನ್ನು ಟ್ರೂ ಮಾಡಿ. ಎಲ್ಲ ಸರಿಹೋಗುವ ತನಕ ಅದನ್ನು ಮುಚ್ಚಲೇಬೇಡಿ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎರಡು ಮದ್ದು ಸಿಗುತ್ತವೆ. ಒಂದು, ರಿಜಿಸ್ಟ್ರಿಯಲ್ಲಿ ವರ್ಡಿನ ಆಪ್ಷನ್ಸ್ ಕೆಳಗೆ ‘ಎಸ್‌ಕ್ಯೂಎಲ್‌ಸೆಕ್ಯುರಿಟಿಚೆಕ್’ ಎಂಬ ಬೆಲೆ ಸೇರಿಸಿ ಸೊನ್ನೆ ಇಡುವುದು. ಪ್ರಶ್ನೆ ನಿಲ್ಲುತ್ತದೆ ನಿಜ. ಆದರೆ ಆ ಕಂಪ್ಯೂಟರಿನಲ್ಲಿ ನೀವು ತೆರೆಯುವ ಪ್ರತಿ ಮರ್ಜ್ ಫೈಲಿಗೂ ನಿಲ್ಲುತ್ತದೆ, ಎಲ್ಲಿಂದಲೋ ಬಂದ ಫೈಲಿಗೂ. ಮುಂದಿನ ಸಲ ಕಂಪ್ಯೂಟರ್ ಬದಲಾದಾಗ ಇದನ್ನು ಯಾರು ನೆನಪಿಟ್ಟಿರುತ್ತಾರೆ? ಇನ್ನೊಂದು, ‘ಡಿಸ್‌ಪ್ಲೇಅಲರ್ಟ್ಸ್’ ಆಫ್ ಮಾಡುವುದು. ಆಗ ವರ್ಡ್ ಆ ಪ್ರಶ್ನೆಗೆ ತಾನೇ ‘ಬೇಡ’ ಎಂದುಕೊಂಡು ಡೇಟಾದ ಗಂಟು ಬಿಚ್ಚಿ ಪತ್ರವನ್ನು ತೆರೆಯುತ್ತದೆ. ಮರ್ಜ್ ಮಾಡು ಎಂದ ಕೂಡಲೇ ‘ಕೇಳಿದ ವಸ್ತು ಲಭ್ಯವಿಲ್ಲ’ ಎಂದು ದೋಷ. ಎರಡೂ ಬೇಡ.

ನಾನು ಮೊದಲಿನಿಂದಲೂ ಹೇಳುವುದು ಒಂದೇ. ವರ್ಡಿಗೆ ಲೆಕ್ಕ ಕೊಡಬೇಡಿ, ಅಕ್ಷರ ಮಾತ್ರ ಕೊಡಿ. ಯಾವ ದಿನಾಂಕ, ಎಷ್ಟು ಪೈಸೆ, ಯಾರಿಗೆ ಪತ್ರ, ಯಾವ ಕ್ರಮದಲ್ಲಿ, ಇದೆಲ್ಲ ನಿಮ್ಮ ಪ್ರೋಗ್ರಾಮಿನಲ್ಲೇ ತೀರ್ಮಾನ ಆಗಿಬಿಡಬೇಕು. ವರ್ಡಿನ ಕೆಲಸ ಮದುವೆ ಮನೆಯಲ್ಲಿ ಬಡಿಸುವವರದ್ದು. ಉಪ್ಪು ಖಾರ ಅವರು ನೋಡಬಾರದು.

ಹೀಗೆ ಮಾಡಿ. ಮುಖ್ಯ ಎಂಡಿಬಿಯನ್ನು ವರ್ಡಿಗೆ ತೋರಿಸಲೇಬೇಡಿ. ‘ನೋಟಿಸು’ ಅಂತ ಬೇರೆ ಒಂದು ಸಣ್ಣ ಎಂಡಿಬಿ ಮಾಡಿ, ಅದರಲ್ಲಿ ಒಂದೇ ಟೇಬಲ್. ಕಾಲಂಗಳೆಲ್ಲ ಟೆಕ್ಸ್ಟ್, ಒಂದೂ ನಂಬರ್ ಬಗೆಯದ್ದು ಬೇಡ, ಒಂದೂ ದಿನಾಂಕದ್ದು ಬೇಡ. 255 ಅಕ್ಷರ ಮೀರುವ ವಿಳಾಸವೋ ಷರಾವೋ ಇದ್ದರೆ ಅದಕ್ಕೆ ಮಾತ್ರ ಮೆಮೊ. ಪ್ರೋಗ್ರಾಮ್ ಪ್ರತಿ ಸಲ ಈ ಟೇಬಲ್ ಖಾಲಿ ಮಾಡಿ ಹೊಸದಾಗಿ ತುಂಬಬೇಕು. ದಿನಾಂಕವನ್ನು 05-08 ಎಂದು ದಿನ ಮೊದಲು ಬರುವಂತೆ ಅಕ್ಷರ ಮಾಡಿ ಹಾಕಿ. ಮೊತ್ತವನ್ನು ಎರಡು ದಶಮಾಂಶಕ್ಕೆ ಇಳಿಸಿ, ಲಕ್ಷದ ಅಲ್ಪವಿರಾಮಕ್ಕೆ ನಿಮ್ಮದೇ ಒಂದು ಸಣ್ಣ ಫಂಕ್ಷನ್ ಬರೆಯಿರಿ. ಕೊನೆಯ ಮೂರು ಅಂಕಿ ಬಿಟ್ಟು ಉಳಿದದ್ದನ್ನು ಹಿಂದಿನಿಂದ ಎರಡೆರಡಾಗಿ ಕತ್ತರಿಸುವುದು, ಅಷ್ಟೇ. 1,25,000.00 ಅಂತ ಬಂದರೆ ಸಾಕು. ಸದಸ್ಯತ್ವದ ನಂಬರ್ 00417 ಅಂತ ಇದ್ದರೆ ಮುಂದಿನ ಸೊನ್ನೆಗಳೂ ಹೀಗೆ ಮಾಡಿದರೆ ಉಳಿಯುತ್ತವೆ.

ಮೊತ್ತವನ್ನು ಅಕ್ಷರದಲ್ಲೂ ಕೊಡಬೇಕು ಎಂದಿದ್ದರೆ ಅದನ್ನೂ ವಿಬಿಯಲ್ಲೇ ಮಾಡಿ. ವರ್ಡಿನಲ್ಲಿ ‘ಕಾರ್ಡ್‌ಟೆಕ್ಸ್ಟ್’ ಎಂಬ ಸ್ವಿಚ್ (ರೂಪ ಬದಲಿಸುವ ಸೂಚನೆ) ಇದೆ, 9,99,999 ದಾಟಿದರೆ ಕೈಕೊಡುತ್ತದೆ. ಅದಕ್ಕೆ ಲಕ್ಷವೂ ಗೊತ್ತಿಲ್ಲ, ಕನ್ನಡವೂ ಗೊತ್ತಿಲ್ಲ.

ಪತ್ರದ ಫೀಲ್ಡಿಗೇ (ಡೇಟಾ ಬಂದು ಕೂರುವ ಜಾಗ) ಸ್ವಿಚ್ ಹಾಕಿ ದಿನಾಂಕ ಸರಿ ಮಾಡಬಹುದು ಎಂದು ಯಾರಾದರೂ ಹೇಳುತ್ತಾರೆ. ಮಾಡಬಹುದು. ಆದರೆ ಅಲ್ಲಿ ದೊಡ್ಡ ಎಂ ಅಂದರೆ ತಿಂಗಳು, ಸಣ್ಣ ಎಂ ಅಂದರೆ ನಿಮಿಷ. ಸೆಕ್ರೆಟರಿಯವರು ಪತ್ರ ತಿದ್ದುವಾಗ ಫೀಲ್ಡ್ ಅಳಿಸಿ ಮತ್ತೆ ಹಾಕಿದರೆ ಸ್ವಿಚ್ ಹೋಯಿತು. ಪತ್ರವನ್ನು ಅವರು ತಿದ್ದಿಯೇ ತಿದ್ದುತ್ತಾರೆ.

ಇಲ್ಲೊಂದು ಗುಂಡಿ ಇದೆ, ನೋಡಿಕೊಳ್ಳಿ. ಎಡಿಒದಲ್ಲಿ (ವಿಬಿಯಿಂದ ಡೇಟಾ ಮುಟ್ಟುವ ದಾರಿ) ಟೇಬಲ್ ತುಂಬಿದ ಮೇಲೆ ಆ ಕನೆಕ್ಷನ್ ಪೂರ್ತಿ ಮುಚ್ಚಿ, ಆಮೇಲೆ ವರ್ಡನ್ನು ಕರೆಯಿರಿ. ಎಂಡಿಬಿ ಫೈಲನ್ನು ನೋಡಿಕೊಳ್ಳುವ ಜೆಟ್ ಎಂಜಿನ್ ಬರೆದದ್ದನ್ನೆಲ್ಲ ತಕ್ಷಣ ಡಿಸ್ಕಿಗೆ ಇಳಿಸುವುದಿಲ್ಲ, ಕೆಲವು ಸೆಕೆಂಡು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಅಷ್ಟರಲ್ಲಿ ವರ್ಡ್ ಹೋಗಿ ಓದಿದರೆ ಕೊನೆಯ ಕೆಲವು ಹೆಸರು ಸಿಗುವುದೇ ಇಲ್ಲ. ದೋಷವೂ ಬರುವುದಿಲ್ಲ, ಸುಮ್ನೆ ಪತ್ರ ಕಡಿಮೆ ಬರುತ್ತದೆ. ಮಹಾಸಭೆಯಲ್ಲಿ ಒಬ್ಬರು ಎದ್ದು ‘ನನಗೆ ನೋಟಿಸೇ ಬಂದಿಲ್ಲ’ ಎಂದಾಗಲೇ ಗೊತ್ತಾಗುವುದು.

ಈಗ ಪತ್ರ. ಸೆಕ್ರೆಟರಿಯವರ ಫೈಲನ್ನು ವರ್ಡಿನಲ್ಲಿ ತೆರೆದು ಮೇಲಿಂಗ್ಸ್ ಟ್ಯಾಬಿನಲ್ಲಿ ‘ಸ್ಟಾರ್ಟ್ ಮೇಲ್ ಮರ್ಜ್’ ಕೆಳಗೆ ‘ನಾರ್ಮಲ್ ವರ್ಡ್ ಡಾಕ್ಯುಮೆಂಟ್’ ಆರಿಸಿ. ಡೇಟಾದ ಗಂಟು ಬಿಚ್ಚಿತು. ಫೀಲ್ಡುಗಳು ಹಾಗೇ ಇರುತ್ತವೆ. ಅದನ್ನು ಟೆಂಪ್ಲೇಟ್ ಆಗಿ ಸೇವ್ ಮಾಡಿ. ಗಂಟಿಲ್ಲದ ಫೈಲಿಗೆ ಎಸ್‌ಕ್ಯೂಎಲ್ ಪ್ರಶ್ನೆ ಬರುವುದಿಲ್ಲ.

ಕೋಡಿನಲ್ಲಿ ‘ಡಾಕ್ಯುಮೆಂಟ್ಸ್.ಓಪನ್’ ಇರುವಲ್ಲಿ ‘ಡಾಕ್ಯುಮೆಂಟ್ಸ್.ಆ್ಯಡ್’ ಮಾಡಿ, ಟೆಂಪ್ಲೇಟಿನ ದಾರಿ ಕೊಡಿ. ಆಗ ಮೂಲ ಫೈಲನ್ನು ಮುಟ್ಟದೆ ಅದರ ನಕಲು ತೆರೆಯುತ್ತದೆ. ‘ಬೇರೆಯವರು ತಿದ್ದುತ್ತಿದ್ದಾರೆ’ ಎಂಬ ಗೋಳು ಅಲ್ಲಿಗೆ ಮುಗಿಯಿತು. ಆ ಬೇರೆಯವರು ಬೇರಾರೂ ಅಲ್ಲ, ಒಳಗೇ ಉಳಿದುಕೊಂಡ ವರ್ಡ್. ಫೋಲ್ಡರಿನಲ್ಲಿ ಮರೆಯಾಗಿರುವ ಫೈಲುಗಳನ್ನು ತೋರಿಸುವ ಹಾಗೆ ಮಾಡಿ ನೋಡಿ, ~$ ಎಂದು ಶುರುವಾಗುವ ಒಂದು ಪುಟ್ಟ ಫೈಲ್ ಇರುತ್ತದೆ. ವರ್ಡ್ ಅರ್ಧದಲ್ಲಿ ಸತ್ತಾಗ ಅದು ಹಾಗೇ ಉಳಿಯುತ್ತದೆ. ವರ್ಡ್ ಎಲ್ಲೂ ಓಡುತ್ತಿಲ್ಲ ಎಂದು ಖಚಿತ ಮಾಡಿಕೊಂಡು ಅದನ್ನು ಅಳಿಸಿ.

ಹೊಸ ಡಾಕ್ಯುಮೆಂಟ್ ಬಂದ ಮೇಲೆ ಅದರ ‘ಮೇಲ್‌ಮರ್ಜ್’ ವಸ್ತುವಿಗೆ ಮೊದಲು ಬಗೆ ಹೇಳಿ. ‘ಮೇನ್‌ಡಾಕ್ಯುಮೆಂಟ್‌ಟೈಪ್’ 0, ಅಂದರೆ ಪತ್ರ. ಆಮೇಲೆ ‘ಓಪನ್‌ಡೇಟಾಸೋರ್ಸ್’. ಅದರ ‘ನೇಮ್’ಗೆ ಸಣ್ಣ ಎಂಡಿಬಿಯ ಪೂರ್ತಿ ದಾರಿ ಕೊಡಿ. ‘ಎಸ್‌ಕ್ಯೂಎಲ್‌ಸ್ಟೇಟ್‌ಮೆಂಟ್’ಗೆ ಆ ಟೇಬಲ್ಲಿನಿಂದ ಎಲ್ಲ ಕಾಲಂ ಎತ್ತುವ ಒಂದು ಸಾಲು ಸಾಕು. ಆದರೆ ಕ್ರಮ ಹೇಳುವ ‘ಆರ್ಡರ್ ಬೈ’ ಮರೆಯಬೇಡಿ. ಟೇಬಲ್ಲಿಗೆ ಹಾಕಿದ ಕ್ರಮದಲ್ಲೇ ಹೊರಗೆ ಬರುತ್ತದೆ ಎಂದು ಜೆಟ್ ಯಾರಿಗೂ ಮಾತು ಕೊಟ್ಟಿಲ್ಲ. ಈ ಸಾಲು 255 ಅಕ್ಷರ ದಾಟಬಾರದು. ದಾಟಿದರೆ ಉಳಿದದ್ದನ್ನು ‘ಎಸ್‌ಕ್ಯೂಎಲ್‌ಸ್ಟೇಟ್‌ಮೆಂಟ್1’ಕ್ಕೆ ಹಾಕಬೇಕು. ಕೊನೆಗೆ ‘ಡೆಸ್ಟಿನೇಷನ್’ 0, ಅಂದರೆ ಹೊಸ ಡಾಕ್ಯುಮೆಂಟಿಗೆ, ಮತ್ತು ‘ಎಕ್ಸಿಕ್ಯೂಟ್’. ಅದರ ‘ಪಾಜ್’ ಫಾಲ್ಸ್ ಇರಲಿ, ಇಲ್ಲದಿದ್ದರೆ ಪ್ರತಿ ತಪ್ಪಿಗೂ ನಿಂತು ಕೇಳುತ್ತದೆ.

ಎಕ್ಸಿಕ್ಯೂಟ್ ಆದ ಮೇಲೆ ಹೊಸ ಪತ್ರಗಳ ಡಾಕ್ಯುಮೆಂಟೇ ‘ಆಕ್ಟಿವ್‌ಡಾಕ್ಯುಮೆಂಟ್’ ಆಗಿರುತ್ತದೆ. ಅದನ್ನು ಒಂದು ವೇರಿಯಬಲ್ಲಿನಲ್ಲಿ ತಕ್ಷಣ ಹಿಡಿದುಕೊಳ್ಳಿ. ಆಮೇಲೆ ಮೊದಲಿನ ನಕಲನ್ನು ಸೇವ್ ಮಾಡದೆ ಮುಚ್ಚಿ. ಅದರ ಬೆಲೆಯೂ 0. ಹೀಗೆ ಎಲ್ಲ ಕಡೆ ಅಂಕಿಯನ್ನೇ ಬರೆಯಿರಿ, ವರ್ಡಿನ ರೆಫರೆನ್ಸ್ ಸೇರಿಸಿ ಹೆಸರು ಬಳಸಬೇಡಿ. ‘ಕ್ರಿಯೇಟ್‌ಆಬ್ಜೆಕ್ಟ್’ನಿಂದ ಕರೆದರೆ ನಾಳೆ ಬೇರೆ ಆವೃತ್ತಿಯ ವರ್ಡ್ ಬಂದರೂ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಬೇಕಿಲ್ಲ. 64 ಬಿಟ್ ವರ್ಡ್ ಬಂದರೂ ಹೆದರಬೇಡಿ. ವರ್ಡ್ ತನ್ನದೇ ಪ್ರಾಸೆಸಿನಲ್ಲಿ ಓಡುತ್ತದೆ, ನಿಮ್ಮ 32 ಬಿಟ್ ವಿಬಿ ಅದನ್ನು ಆರಾಮಾಗಿ ಆಡಿಸಬಹುದು.

ದೋಷ ಬಂದರೆ ಹೋಗುವ ಸಾಲಿನಲ್ಲೂ ‘ಕ್ವಿಟ್’ ಇರಲೇಬೇಕು. ಈಗ ನಿಮ್ಮ ಕೋಡಿನಲ್ಲಿ ಅದು ಕೊನೆಯಲ್ಲಿ ಮಾತ್ರ ಇರುತ್ತದೆ ಎಂದು ಪಂಥ ಕಟ್ಟುತ್ತೇನೆ. ನಡುವೆ ಎಡವಿದರೆ ಅಲ್ಲಿಗೆ ತಲುಪುವುದೇ ಇಲ್ಲ. ವರ್ಡ್ ಕತ್ತಲಲ್ಲಿ ಕೂತೇ ಇರುತ್ತದೆ.

ಹೆಸರಿನ ವಿಷಯ. ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು ನಿಜವಾಗಿ ಕನ್ನಡ ಅಕ್ಷರ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟು ಅದು. ನುಡಿ ಫಾಂಟು ಹಾಕಿದರೆ ಕನ್ನಡ, ತೆಗೆದರೆ ನೀವು ನೋಡಿದ ಚುಕ್ಕೆ ಗೆರೆ. ಮಹಾಸಭೆ ಹತ್ತಿರ ಬಂದಿದ್ದರೆ ಈ ವರ್ಷಕ್ಕೆ ಸುಲಭದ ದಾರಿ ಹಿಡಿಯಿರಿ. ಪತ್ರದಲ್ಲಿ ಹೆಸರು ಮತ್ತು ವಿಳಾಸದ ಫೀಲ್ಡುಗಳಿಗೆ ಮಾತ್ರ ನುಡಿ ಫಾಂಟು ಹಾಕಿ, ಉಳಿದದ್ದು ಯೂನಿಕೋಡಿನಲ್ಲೇ ಇರಲಿ. ಅಕ್ಷರದ ರೂಪ ಒಂದಕ್ಕೊಂದು ಹೊಂದುವುದಿಲ್ಲ, ಆದರೆ ಓದಬಹುದು.

ಶಾಶ್ವತ ಪರಿಹಾರ ಎಂದರೆ ಡೇಟಾವನ್ನು ಯೂನಿಕೋಡಿಗೆ ಬದಲಿಸುವುದು. ಕನ್ವರ್ಟರುಗಳು ಬೇಕಾದಷ್ಟಿವೆ. ಆದರೆ ಟೇಬಲ್ಲಿನ ಎಲ್ಲ ಕಾಲಂ ಒಟ್ಟಿಗೆ ಕೊಟ್ಟುಬಿಡಬೇಡಿ. ನುಡಿಯಲ್ಲಿ ಅನುಸ್ವಾರ ಕೂತಿರುವುದು ಇಂಗ್ಲಿಷ್ ದೊಡ್ಡ ಎ ಅಕ್ಷರದ ಜಾಗದಲ್ಲಿ. ಸರ್ವೆ ನಂಬರಿನ ಕಾಲಂನಲ್ಲಿ 42/1ರ ಮುಂದೆ ಇಂಗ್ಲಿಷ್ ಎ ಇದ್ದರೆ ಅದು ‘42/1ಂ’ ಆಗಿಬಿಡುತ್ತದೆ. ಯಾವ ಕಾಲಂ ಕನ್ನಡ, ಯಾವುದು ಇಂಗ್ಲಿಷ್ ಎಂದು ಮೊದಲು ಬೇರೆ ಮಾಡಿ.

ಬದಲಿಸಿದ ಮೇಲೆ ನಿಮ್ಮ ವಿಬಿ 6 ಪರದೆಯಲ್ಲಿ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿ ಕಾಣುತ್ತವೆ. ಅದರ ಟೆಕ್ಸ್ಟ್ ಬಾಕ್ಸಿಗೆ ಯೂನಿಕೋಡ್ ಬರುವುದಿಲ್ಲ. ಆದರೆ ಒಳಗೆ ಡೇಟಾ ಕೆಟ್ಟಿರುವುದಿಲ್ಲ. ವಿಬಿಯ ಸ್ಟ್ರಿಂಗು ಒಳಗೆ ಯೂನಿಕೋಡೇ, ಆಕ್ಸೆಸ್ 2000ರಿಂದ ಈಚಿನ ಎಂಡಿಬಿಯೂ ಯೂನಿಕೋಡೇ. ಒಂದರಿಂದ ಓದಿ ಇನ್ನೊಂದಕ್ಕೆ ಬರೆದು ವರ್ಡಿಗೆ ಕೊಟ್ಟರೆ ಪತ್ರದಲ್ಲಿ ಚೆನ್ನಾಗಿಯೇ ಬರುತ್ತದೆ. ಪರದೆಯಲ್ಲಿ ತಿದ್ದಿ ಸೇವ್ ಮಾಡಿದರೆ ಮಾತ್ರ ಪ್ರಶ್ನಾರ್ಥಕವೇ ಡೇಟಾ ಆಗಿಬಿಡುತ್ತದೆ. ಹುಷಾರು. ಕೋಡಿನಲ್ಲೂ ನೇರವಾಗಿ ಕನ್ನಡ ಟೈಪ್ ಮಾಡಲು ಆಗುವುದಿಲ್ಲ. ‘ಶ್ರೀ’ ಎಂದು ಸೇರಿಸಬೇಕಾದರೆ ಒಂದೊಂದು ಅಕ್ಷರವನ್ನೂ ಅಂಕಿಯಿಂದ ಕಟ್ಟಬೇಕು. ಕ ಅಂದರೆ 3221, ಹಾಗೆ. ಅದರ ಬದಲು ‘ಶ್ರೀ’ಯನ್ನು ಪತ್ರದಲ್ಲೇ ಬರೆದಿಡಿ.

ಫೀಲ್ಡಿನ ಫಾಂಟು, ಗಾತ್ರ ಬದಲಿಸುವಾಗ ಫಾಂಟ್ ಡೈಲಾಗಿನಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂಬ ಭಾಗದಲ್ಲೂ ಬದಲಿಸಿ. ಯೂನಿಕೋಡ್ ಕನ್ನಡ ಅಲ್ಲಿಂದ ತನ್ನ ಗಾತ್ರ ತೆಗೆದುಕೊಳ್ಳುತ್ತದೆ. ಅದನ್ನು ಬಿಟ್ಟರೆ ನೀವು 14 ಅಂತ ಇಟ್ಟರೂ ಹೆಸರು ಮಾತ್ರ ಸಣ್ಣದಾಗಿ ಬರುತ್ತದೆ.

ಪೈತಾನ್ ಹುಡುಗ ಉತ್ತರ:

ಅಕ್ಕಾ, ಇಷ್ಟೆಲ್ಲ ಕಷ್ಟ ಯಾಕೆ? ವರ್ಡ್ ಅನ್ನೇ ತೆರೆಯದೆ ಮಾಡಬಹುದು. ಡಾಕ್‌ಎಕ್ಸ್ ಫೈಲ್ ಅಂದರೆ ಒಂದು ಜಿಪ್, ಒಳಗೆ ಎಕ್ಸ್‌ಎಂಎಲ್. ಪೈತಾನಿನಲ್ಲಿ ‘ಡಾಕ್‌ಎಕ್ಸ್-ಮೇಲ್‌ಮರ್ಜ್’ ಅಂತ ಲೈಬ್ರರಿ ಇದೆ. ವರ್ಡಿನಲ್ಲಿ ಹಾಕಿದ ಮರ್ಜ್ ಫೀಲ್ಡುಗಳನ್ನು ಅದೇ ಗುರುತಿಸಿ ತುಂಬುತ್ತದೆ. 1,800 ಪತ್ರಕ್ಕೆ ಜಾಸ್ತಿ ಹೊತ್ತು ಬೇಡ. ಯಾವ ಡೈಲಾಗೂ ಬರುವುದಿಲ್ಲ, ಒಳಗೆ ಉಳಿದುಕೊಳ್ಳುವ ವರ್ಡೂ ಇಲ್ಲ. ಸರ್ವರಿನಲ್ಲಿ ಮನುಷ್ಯರಿಲ್ಲದೆ ಆಫೀಸನ್ನು ಹೀಗೆ ಓಡಿಸಬೇಡಿ ಅಂತ ಮೈಕ್ರೋಸಾಫ್ಟೇ ಹೇಳಿದೆ.

ವರ್ಡೇ ಬೇಕು ಅಂದರೂ ಪೈತಾನಿನಿಂದ ಆಡಿಸಬಹುದು. ಪೈವಿನ್32 ಹಾಕಿಕೊಂಡು ‘ಡಿಸ್ಪ್ಯಾಚ್‌ಎಕ್ಸ್’ ಬಳಸಿ. ಆಗ ಬೇರೆಯದೇ ಒಂದು ವರ್ಡ್ ಶುರುವಾಗುತ್ತದೆ. ಸೆಕ್ರೆಟರಿಯವರು ತೆರೆದಿಟ್ಟ ವರ್ಡ್ ಜೊತೆ ಗೊಂದಲ ಆಗುವುದಿಲ್ಲ.

ಹಳೇ ಫಾಕ್ಸ್‌ಪ್ರೊ ಉತ್ತರ:

ಹುಡುಗ ಹೇಳಿದ್ದು ಸರಿ. ಹೊಸದಾಗಿ ಶುರು ಮಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಸರ್ವರಿನ ಮಾತಂತೂ ಪೂರ್ತಿ ನಿಜ. ಅಲ್ಲಿ ಡೈಲಾಗ್ ಬಂದರೆ ‘ಓಕೆ’ ಒತ್ತಲು ಯಾರಿರುತ್ತಾರೆ? ಆದರೆ ಇಲ್ಲಿ ಸರ್ವರ್ ಇಲ್ಲ. ಒಂದು ಮೇಜು, ಒಂದು ಕಂಪ್ಯೂಟರ್, ಪಕ್ಕದಲ್ಲಿ ಸೆಕ್ರೆಟರಿ. ಅವರು ಪತ್ರಗಳನ್ನು ಪರದೆಯಲ್ಲಿ ಒಂದು ಸಲ ಓಡಿಸಿ ನೋಡುತ್ತಾರೆ, ಯಾರದೋ ಒಬ್ಬರ ಪತ್ರದಲ್ಲಿ ಕೈಯಿಂದ ಒಂದು ಸಾಲು ಸೇರಿಸುತ್ತಾರೆ, ಆಮೇಲೆ ಪ್ರಿಂಟು. ಹೇಗೂ ವರ್ಡ್ ತೆರೆಯಲೇಬೇಕು. ಸೊಸೈಟಿಯ ಕಂಪ್ಯೂಟರಿಗೆ ಪೈತಾನ್ ಹಾಕಿ, ಅದನ್ನು ವಿಬಿ 6ರಿಂದ ಕರೆದು, ಮುಂದಿನ ವರ್ಷ ಅದು ಓಡದಿದ್ದಾಗ ಮೇಡಂ ಯಾರನ್ನು ಕೇಳಬೇಕು? ಇರುವ ಕೋಡಿನಲ್ಲಿ ಒಂದಿಪ್ಪತ್ತು ಸಾಲು ಬದಲಾದರೆ ಕೆಲಸ ಆಗುತ್ತದೆ. ಅಷ್ಟು ಮಾಡಲಿ.

ಝೆರಾಕ್ಸ್ ಅಂಗಡಿ ಉತ್ತರ:

ಕೋಡು ನನಗೆ ಗೊತ್ತಿಲ್ಲ, ಪ್ರಿಂಟು ಗೊತ್ತು. ಇಂಥ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ತಂದು ಕೊಡುತ್ತಾರೆ. ಎರಡು ಮಾತು.

ಕೆಳಗೆ ‘ಪುಟ 1, ಒಟ್ಟು 2’ ಅಂತ ಹಾಕಿದ್ದರೆ ಮರ್ಜ್ ಆದ ಮೇಲೆ ‘ಒಟ್ಟು 3600’ ಅಂತ ಬರುತ್ತದೆ. ಎಲ್ಲ ಪತ್ರ ಸೇರಿ ಒಂದೇ ಡಾಕ್ಯುಮೆಂಟ್ ಆಗುತ್ತದಲ್ಲ, ಅದಕ್ಕೆ. ಅಲ್ಲಿರುವ ‘ನಮ್‌ಪೇಜಸ್’ ಫೀಲ್ಡ್ ತೆಗೆದು ‘ಸೆಕ್ಷನ್‌ಪೇಜಸ್’ ಹಾಕಿ. ಪ್ರತಿ ಪತ್ರವೂ ಬೇರೆ ಸೆಕ್ಷನ್, ಲೆಕ್ಕ ಸರಿ ಬರುತ್ತದೆ.

ಇನ್ನೊಂದು, ಪೂರ್ತಿ 1,800 ಒಟ್ಟಿಗೆ ಕಳಿಸಬೇಡಿ. ನಡುವೆ ಕಾಗದ ಸಿಕ್ಕಿಕೊಂಡರೆ ಎಲ್ಲಿ ನಿಂತಿತು ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ನೂರು ನೂರರ ಕಟ್ಟು ಮಾಡಿ. ಸದಸ್ಯತ್ವ ನಂಬರಿನ ಕ್ರಮ ಬೇಡ, ಪಿನ್‌ಕೋಡ್ ಮತ್ತು ಊರಿನ ಕ್ರಮದಲ್ಲಿ ತೆಗೆಯಿರಿ. ಅಂಚೆ ಕಚೇರಿಗೆ ಒಯ್ದಾಗ ಅವರೂ ಖುಷಿ, ನೀವೂ ಖುಷಿ. ಒಂದೇ ಮನೆಗೆ ನಾಲ್ಕು ನೋಟಿಸು ಹೋಗುವುದೂ ಆಗ ಕಣ್ಣಿಗೆ ಬೀಳುತ್ತದೆ.

ಲೆಕ್ಕದಕ್ಕ ಬರೆದದ್ದು:

ಸರ್, ನೀವು ಹೇಳಿದ ಹಾಗೆ ವಿಸಿಬಲ್ ಮಾಡಿದೆ. ಆ ಎಸ್‌ಕ್ಯೂಎಲ್ ಪ್ರಶ್ನೆ ಎದುರಿಗೇ ಬಂತು! ಹಳೇ ಕಂಪ್ಯೂಟರಿನಲ್ಲಿ ಆಕ್ಸೆಸ್ ತೆರೆದುಕೊಳ್ಳುತ್ತಿದ್ದದ್ದೂ ನಿಜ. ನಾವೆಲ್ಲ ಅದು ಪ್ರೋಗ್ರಾಮಿನ ಒಂದು ಭಾಗ ಅಂದುಕೊಂಡಿದ್ದೆವು. ಕ್ವಿಟ್ ಕೊನೆಯಲ್ಲಿ ಮಾತ್ರ ಇತ್ತು, ಪಂಥ ನೀವೇ ಗೆದ್ದಿರಿ.

ಸಣ್ಣ ಎಂಡಿಬಿ ಮಾಡಿ, ಟೆಂಪ್ಲೇಟಿನಿಂದ ಹೊಸ ಡಾಕ್ಯುಮೆಂಟ್ ತೆಗೆದು ಓಡಿಸಿದೆ. ಬಂತು. ದಿನಾಂಕ ಸರಿ, ಮೊತ್ತ ಸರಿ. ಹೆಸರಿಗೆ ಸದ್ಯಕ್ಕೆ ನುಡಿ ಫಾಂಟು. ಝೆರಾಕ್ಸ್ ಅಂಗಡಿಯವರು ಹೇಳಿದ ಹಾಗೆ ಪಿನ್‌ಕೋಡ್ ಕ್ರಮ ಹಾಕಿದೆ, ಪುಟದ ಲೆಕ್ಕವನ್ನೂ ಬದಲಿಸಿದೆ.

ಉಳಿದದ್ದು ಎರಡು. ವಿಳಾಸದ ಎರಡನೇ ಸಾಲು ಇಲ್ಲದವರಿಗೆ ಆ ಜಾಗದಲ್ಲಿ ಬರೀ ಒಂದು ಅಲ್ಪವಿರಾಮ ಬರುತ್ತಿದೆ. ಇನ್ನು ಹೊರಗಿರುವ ಸದಸ್ಯರಿಗೆ ವಾಟ್ಸ್ಆ್ಯಪಿನಲ್ಲೂ ಕಳಿಸಬೇಕಂತೆ. ಒಬ್ಬೊಬ್ಬರದ್ದೂ ಬೇರೆ ಬೇರೆ ಪಿಡಿಎಫ್ ಮಾಡಲು ಆಗುತ್ತದೆಯೇ? ಸುಮಾರು 150 ಜನ.

ಹಳೇ ಫಾಕ್ಸ್‌ಪ್ರೊ ಉತ್ತರ:

ಅಲ್ಪವಿರಾಮ ಪತ್ರದಲ್ಲಿದೆ, ಅದಕ್ಕೇ ಬರುತ್ತಿದೆ. ಫೀಲ್ಡ್ ಖಾಲಿ ಇದ್ದರೆ ವರ್ಡ್ ಆ ಸಾಲನ್ನೇ ಎತ್ತಿಬಿಡುತ್ತದೆ. ‘ಸಪ್ರೆಸ್‌ಬ್ಲ್ಯಾಂಕ್‌ಲೈನ್ಸ್’ ಟ್ರೂ ಇರಬೇಕು, ಮತ್ತು ಆ ಸಾಲಿನಲ್ಲಿ ಅದೊಂದೇ ಫೀಲ್ಡ್ ಇರಬೇಕು. ಒಂದು ಅಲ್ಪವಿರಾಮ ಜೊತೆಗಿದ್ದರೂ ಅದು ಖಾಲಿ ಸಾಲು ಅಲ್ಲ. ಅಲ್ಪವಿರಾಮವನ್ನು ಪತ್ರದಿಂದ ತೆಗೆದು, ಟೇಬಲ್ ತುಂಬುವಾಗ ವಿಳಾಸದ ಕೊನೆಗೆ ನೀವೇ ಸೇರಿಸಿ. ಖಾಲಿ ಇದ್ದರೆ ಸೇರಿಸಬೇಡಿ. ಮತ್ತದೇ ಮಾತು, ವರ್ಡಿಗೆ ಸಿದ್ಧ ಅಕ್ಷರ ಕೊಡಿ.

ಪಿಡಿಎಫ್ ಆಗುತ್ತದೆ. ಆ 150 ಜನರನ್ನು ಮಾತ್ರ ಸಣ್ಣ ಟೇಬಲ್ಲಿಗೆ ತುಂಬಿ. ‘ಡೇಟಾಸೋರ್ಸ್’ ವಸ್ತುವಿನಲ್ಲಿ ‘ಫಸ್ಟ್‌ರೆಕಾರ್ಡ್’ ಮತ್ತು ‘ಲಾಸ್ಟ್‌ರೆಕಾರ್ಡ್’ ಇವೆ. ಲೂಪಿನಲ್ಲಿ ಎರಡಕ್ಕೂ ಒಂದೇ ಅಂಕಿ ಕೊಟ್ಟು ಎಕ್ಸಿಕ್ಯೂಟ್ ಮಾಡಿದರೆ ಒಬ್ಬರದೇ ಪತ್ರ ಬರುತ್ತದೆ. ಅದನ್ನು ‘ಎಕ್ಸ್‌ಪೋರ್ಟ್‌ಆಸ್‌ಫಿಕ್ಸೆಡ್‌ಫಾರ್ಮ್ಯಾಟ್’ನಿಂದ ಪಿಡಿಎಫ್ ಮಾಡಿ, ಬಗೆಯ ಅಂಕಿ 17. ಆ ಪತ್ರವನ್ನು ಮುಚ್ಚಿ ಮುಂದಿನದಕ್ಕೆ ಹೋಗಿ. ಮುಚ್ಚುವುದು ಮರೆತರೆ 150 ಡಾಕ್ಯುಮೆಂಟ್ ತೆರೆದುಕೊಂಡು ಕೂರುತ್ತವೆ.

ಎಷ್ಟು ಜನ ಇದ್ದಾರೆ ಎಂದು ವರ್ಡಿನ ‘ರೆಕಾರ್ಡ್‌ಕೌಂಟ್’ ಕೇಳಬೇಡಿ. ಅದು ಒಮ್ಮೊಮ್ಮೆ -1 ಎನ್ನುತ್ತದೆ. ಟೇಬಲ್ ತುಂಬಿದವರು ನೀವೇ, ಲೆಕ್ಕ ನಿಮ್ಮ ಹತ್ತಿರವೇ ಇದೆ.

ಫೈಲಿಗೆ ಸದಸ್ಯತ್ವದ ನಂಬರಿನ ಹೆಸರು ಕೊಡಿ, ಕನ್ನಡ ಹೆಸರು ಬೇಡ. ನಿಮ್ಮ ಡೇಟಾ ಇನ್ನೂ ಹಳೇ ನುಡಿಯಲ್ಲಿದೆ, ಫೈಲಿನ ಹೆಸರಿಗೆ ಫಾಂಟು ಹಾಕಲು ಆಗುವುದಿಲ್ಲ. ನಂಬರಿನಲ್ಲಿ ಓರೆಗೆರೆ ಇದ್ದರೆ ತೆಗೆಯಿರಿ, ವಿಂಡೋಸ್ ಅದನ್ನು ಫೈಲಿನ ಹೆಸರಿನಲ್ಲಿ ಒಪ್ಪುವುದಿಲ್ಲ.

ಮತ್ತೆ, ಅದರಲ್ಲಿ ಸಾಲದ ಬಾಕಿ ಇದೆ. ಒಬ್ಬೊಬ್ಬರಿಗೇ ಕಳಿಸಿ, ಊರಿನ ಗ್ರೂಪಿಗೆ ಹಾಕಿಬಿಡಬೇಡಿ.

ಲೆಕ್ಕದಕ್ಕ ಬರೆದದ್ದು:

ನಂಬರಿನಲ್ಲಿ ಓರೆಗೆರೆ ಇತ್ತು ಸರ್, ಅದರ ಜಾಗಕ್ಕೆ ಅಡ್ಡಗೆರೆ ಹಾಕಿದೆ. ಪಿಡಿಎಫ್ ಒಂದೊಂದಾಗಿ ಬೀಳುತ್ತಿವೆ. ಸೆಕ್ರೆಟರಿಯವರಿಗೆ ಗ್ರೂಪಿನ ವಿಷಯ ಹೇಳಿದ್ದೇನೆ. ಹೆಸರುಗಳನ್ನು ಯೂನಿಕೋಡಿಗೆ ಬದಲಿಸುವುದು ಮಹಾಸಭೆ ಮುಗಿದ ಮೇಲೆ. ಕಾಲಂ ಬೇರೆ ಮಾಡಿ ಪಟ್ಟಿ ಹಾಕಿದಾಗ ಇಲ್ಲೇ ಕೇಳುತ್ತೇನೆ.